ಅಟ್ಟದ ಬೆಕ್ಕಿಗೆ ಕಣ್ಣಿನ ಹನಿ

ಅವತ್ತು ಬೆಳಿಗ್ಗೆ ಹೊನ್ನವಳ್ಳಿಯ ನಮ್ಮ ಅಡುಗೆಮನೆಯಲ್ಲಿ ಇದ್ದವರು ಅಮ್ಮ, ನನ್ನ ಹೆಂಡತಿ, ನಾನು. ಜೊತೆಗೆ ಹಳೇ ಟವೆಲಿನಲ್ಲಿ ಸುತ್ತಿ ಕತ್ತು ಮಾತ್ರ ಹೊರಗಿಟ್ಟಿದ್ದ ಬೆಕ್ಕು. ಕೊಬ್ಬರಿಯಾಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ ಕಾಯಿಗಳನ್ನು ಇಲಿಗಳಿಂದ ಕಾಯುತ್ತಿದ್ದದ್ದು ಅದೇ. ಅದರ ಬಲಗಣ್ಣು ಊದಿಕೊಂಡು ಕುರುಡಾಗಿತ್ತು. ಎಡಗಣ್ಣಾದರೂ ಉಳಿಯಲಿ ಎಂದು ಹಿಂದಿನ ದಿನ ತುಮಕೂರಿಗೆ ಹೊತ್ತೊಯ್ದಿದ್ದೆವು. ಕಣ್ಣಿನೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರಿದೆ, ಬೆಳಿಗ್ಗೆ ಸಂಜೆ ಈ ಹನಿ ಹಾಕುವುದನ್ನು ತಪ್ಪಿಸಬೇಡಿ ಎಂದು ಶೀಸೆ ಕೊಟ್ಟಿದ್ದರು ಡಾಕ್ಟರು.

ಅಮ್ಮನ ತಲೆಗೆ ಇದು ಹತ್ತಲಿಲ್ಲ. "ನೀರ್ ಜಾಸ್ತಿಯಾಗಿರೋ ಕಣ್ಗೆ ಮತ್ತೆ ನೀರ್ ಬುಡು ಅಂತಾರಲ್ಲ, ಇದ್ಯಾವ ಸೀಮೆ ವೈದ್ಯ ಕಣ್ಲಾ?"

ನಾನು ಬೆಕ್ಕನ್ನು ಬಿಗಿಯಾಗಿ ಹಿಡಿದೆ. ಹೆಂಡತಿ ರೆಪ್ಪೆ ಬಿಡಿಸಿ ಹನಿ ಹಾಕಿದಳು. ಸ್ವಲ್ಪ ಹೊತ್ತಿಗೆ ಬೆಕ್ಕಿನ ಬಾಯಲ್ಲಿ ಬುಳುಬುಳು ನೊರೆ.

"ಅಯ್ಯೋ ಶಿವನೇ, ವಿಷ ಕಣವ್ವಾ!"

ಅಮ್ಮ ಬೆಕ್ಕನ್ನು ಕಿತ್ತುಕೊಂಡು, ಏಣಿ ಹತ್ತಿ ಅಟ್ಟಕ್ಕೇ ಬಿಟ್ಟಳು. ಅಲ್ಲೇ ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. "ಕೇಳ್ಲಾ, ಲೊಡಲೊಡ ಅಂತದೆ. ಒಳಗಿನ್ ನೀರೆಲ್ಲ ಇಂಗೋಯ್ತು. ಇದ್ಕ್ಯಾರ್ ಔಷ್ದಿ ಹಾಕಿದ್ರು? ಒಲೆ ಶಾಖಕ್ಕೆ ಬೆಕ್ಕಿನ ಕಣ್ಣಿನ್ ನೀರೂ ಇಂಗ್ತದೆ, ಬುಡು."

ನಗಬೇಕೋ ಹೌದೆನ್ನಬೇಕೋ ತಿಳಿಯಲಿಲ್ಲ. ಆ ಸದ್ದು ಕೇಳಿಯೇ ಕಾಯಿ ಕೊಬ್ಬರಿಯಾಯಿತೆಂದು ನಂಬುತ್ತ ಬೆಳೆದವನು ನಾನು. ನೊರೆಯನ್ನೂ ಕಣ್ಣಾರೆ ಕಂಡಿದ್ದೆ.

"ಅತ್ತೆ, ಅದೇನ್ ಕಾಯೇನ್ರೀ? ಕಣ್ಣು!" ಎಂದು ಹೆಂಡತಿ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಹನಿ ಗಂಟಲಿಗಿಳಿದು ಕಹಿ ಹತ್ತಿರುತ್ತೆ ಕಣ್ರೀ, ಅದಕ್ಕೇ ಜೊಲ್ಲು. ಗಾಬರಿ ಬೇಡ. ನಿಲ್ಲಿಸಿದರೆ ಮಾತ್ರ ಇರೋ ಒಂದು ಕಣ್ಣೂ ಹೋಗುತ್ತೆ" ಎಂದರು ಡಾಕ್ಟರು.

"ಕಣ್ಗ್ ಬುಟ್ಟಿದ್ದು ಬಾಯ್ಗೆಂಗ್ ಬತ್ತದೆ?" ಅಮ್ಮ ನನ್ನನ್ನೇ ಕೇಳಿದಳು. ನಾನು ಮೂಗು ಸವರಿಕೊಂಡೆ.

ಸಂಜೆ ಹನಿಯ ಹೊತ್ತಿಗೆ ಬೆಕ್ಕು ಕೆಳಗಿಳಿಯಲೇ ಇಲ್ಲ. ಅಮ್ಮ ಅಟ್ಟದ ಕಡೆಗೇ ನೋಡುತ್ತಾ ನಿಂತಿದ್ದು, ಕೊನೆಗೆ ಶೀಸೆಗೆ ಕೈ ಚಾಚಿದಳು. "ಕೊಡವ್ವ ಇಲ್ಲಿ. ಹನೀನೂ ಇರ್ಲಿ, ಅಟ್ಟಾನೂ ಇರ್ಲಿ. ಕಣ್ಣೊಂದ್ ಉಳ್ಕಂಡ್ರೆ ಸಾಕು."

ಮುಂದಿನ ಸಲ ತುಮಕೂರಿನಲ್ಲಿ ಅಳೆದಾಗ ಎಡಗಣ್ಣಿನ ಒತ್ತಡ ಇಳಿದಿತ್ತು. ಹನಿ ನಿಲ್ಲಿಸಬೇಡಿ ಎಂದರು. ಅಮ್ಮ ಅಟ್ಟದ ಸುದ್ದಿ ಎತ್ತಲು ಹೋದಳು. ಹೆಂಡತಿ ಮೆಲ್ಲಗೆ ಅವಳ ಸೆರಗು ಜಗ್ಗಿದಳು. ಇಳಿಸಿದ್ದು ಹನಿಯೋ ಅಟ್ಟವೋ ಎಂದು ಅಮ್ಮ ದಾರಿಯುದ್ದಕ್ಕೂ ಕೇಳಿದಳು. ಹನಿಯೇ ಎಂದೆ.

ಮನೆಗೆ ಬಂದು ಬುಟ್ಟಿಯ ಮುಚ್ಚಳ ತೆಗೆದೊಡನೆ ಬೆಕ್ಕು ನೇರ ಏಣಿ ಹತ್ತಿತು. ಅಮ್ಮ ಶೀಸೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಹಿಂದೆಯೇ ಹತ್ತಿದಳು.