ಕುರುಗೋಡಿಗೆ ಹೋಗುತ್ತಿದ್ದ ರೊಟ್ಟಿ

ಯಶೋಧರಮ್ಮ ಯಾರನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಮೂವತ್ತೆರಡು ವರ್ಷ ನರ್ಸ್ ಆಗಿ ಹಚ್ಚೊಳ್ಳಿ, ರಾರಾವಿ ಹಳ್ಳಿಗಳ ಕಡೆ ಓಡಾಡಿದವರು. ಗುಳಿಗೆ ನುಂಗಿದೆ ಎಂದವರ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದರು. ನಿವೃತ್ತಿಯಾಗಿ ಸಿರುಗುಪ್ಪದ ಪುಟ್ಟ ಕ್ರೈಸ್ತ ಸಭೆಗೆ ಹಿರಿಯರಾದ ಮೇಲೂ ಆ ಗುಣ ಬಿಡಲಿಲ್ಲ. ಒಮ್ಮೆ ಆಂಧ್ರದ ಕಡೆಯಿಂದ ಬಂದ ಪ್ರಸಂಗಿಯೊಬ್ಬ ಸೀಸೆಯ ಎಣ್ಣೆ ಹಚ್ಚಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆಂದ. ಎಲ್ಲರೂ ಆಮೆನ್ ಎನ್ನುತ್ತಿದ್ದಾಗ ಇವರು ಮೂಸಿ ನೋಡಿ, "ಇದು ಹಳೇ ಕುಸುಬಿ ಎಣ್ಣಿ" ಎಂದು ಅವನನ್ನು ಮುಂದಿನ ಬಸ್ಸಿಗೇ ಹತ್ತಿಸಿದ್ದರು. ಅಂದಿನಿಂದ ಸಭೆಯಲ್ಲಿ ಅವರದೇ ಕಡೆಯ ಮಾತು.

ಹೊಸ ಉಪದೇಶಿ ಹಂಪೇಶ್ ಬಂದಾಗ ಆ ಕಣ್ಣು ಅವನ ಮೇಲೆ ಬಿತ್ತು. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನ ನಡೆಸಲು ಪಾದ್ರಿಗಳು ಬಳ್ಳಾರಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು; ಉಳಿದ ವಾರಗಳ ಬೋಧನೆಯೆಲ್ಲ ಅವನದು. ಬಳ್ಳಾರಿಯ ಸತ್ಯನಾರಾಯಣಪೇಟೆಯ ತರಬೇತಿಯಲ್ಲಿ ಕಲಿತುಬಂದ, ಯೇಸುವಿನ ನಂತರದ ಮೊದಲ ಶತಮಾನಗಳ ಆದಿಸಭೆಯ ನಾಯಕರ ಕಥೆಗಳನ್ನೇ ಅವನು ಹೇಳುತ್ತಿದ್ದ. ಊರೂರು ಅಲೆಯುವ ಪ್ರವಾದಿಗಳನ್ನು ಆಗಿನ ಹಿರಿಯರು ನಡತೆ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತಿದ್ದರೆಂದಾಗ ಯಶೋಧರಮ್ಮ ತಲೆದೂಗಿದರು.

ಇನ್ನೊಂದು ವಾರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಾತು ಬಂತು. ರೋಮ್ ಚಕ್ರವರ್ತಿಯ ಕಾಟಕ್ಕೆ ಅಂಜಿ ನಂಬಿಕೆ ಬಿಟ್ಟವರು ಆಮೇಲೆ ಅಳುತ್ತ ಮರಳಿ ಬಂದರಂತೆ. ಕೂಡಲೇ ಸೇರಿಸಿರಿ ಎಂದವರೂ ಇದ್ದರು, ಎಂದಿಗೂ ಬೇಡ ಎಂದವರೂ ಇದ್ದರು. ಸಿಪ್ರಿಯನ್ ಪಶ್ಚಾತ್ತಾಪಕ್ಕೆ ಕಾಲ ಕೊಟ್ಟ. ಸಾವಿನ ಹಾಸಿಗೆಯಲ್ಲಿದ್ದವರನ್ನು ಮಾತ್ರ ಕಾಯಿಸಬಾರದೆಂದ.

"ಬಿಟ್ಟು ಹೋದವ್ರನ್ನ ಮತ್ತ ಯಾಕ ಕರೀಬೇಕು?" ಯಶೋಧರಮ್ಮ ಕೂತಲ್ಲಿಂದಲೇ ಕೇಳಿದರು.

ಹಂಪೇಶ್ ಅವರ ಮುಖ ನೋಡಿ ತಟ್ಟನೆ ಪುಸ್ತಕ ಮುಚ್ಚಿದ. ಇವನು ಏನನ್ನೋ ಬಚ್ಚಿಡುತ್ತಿದ್ದಾನೆ ಎನ್ನಿಸಿತು ಅವರಿಗೆ.

ಮುಂದಿನ ಪ್ರಭುಭೋಜನದಲ್ಲಿ ರೊಟ್ಟಿಯ ಒಂದು ತುಂಡು ಉಳಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ತಟ್ಟೆ ತೊಳೆಯಲು ಹೋದಾಗ ಅದು ಇರಲಿಲ್ಲ. ಮರು ತಿಂಗಳೂ ಹಾಗೇ ಆಯಿತು. ಎರಡು ಸಲವೂ ಮರುದಿನ, ಸೋಮವಾರ, ಹಂಪೇಶ್ ಊರಲ್ಲಿರಲಿಲ್ಲ. ಪವಿತ್ರ ರೊಟ್ಟಿಯನ್ನು ತಾಯತ ಕಟ್ಟಿ ಹಂಚುತ್ತಿದ್ದಾನೋ? ಇವನಿಗೂ ಆ ಎಣ್ಣೆಯವನಿಗೂ ನಂಟಿದೆಯೋ? ಯಶೋಧರಮ್ಮನಿಗೆ ಅನ್ನ ಸೇರದಾಯಿತು.

ಮೂರನೆಯ ತಿಂಗಳ ಆ ಸೋಮವಾರ ಯಶೋಧರಮ್ಮ ತಲೆಗೆ ಸೆರಗು ಹೊದ್ದು, ಅವನು ಹತ್ತಿದ ಬಸ್ಸನ್ನೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಕುರುಗೋಡಿನಲ್ಲಿ ಇಳಿದ ಹಂಪೇಶ್ ಒಂದು ಓಣಿಗೆ ತಿರುಗಿ, ಬಾಗಿಲ ಮೇಲೆ ಲಿಂಗದ ಚಿತ್ರವಿದ್ದ ಮನೆಯೊಳಗೆ ಹೋದ. ಸಿಕ್ಕಿಬಿದ್ದ ಎಂದುಕೊಂಡು ಇವರೂ ಹಿಂದೆಯೇ ನುಗ್ಗಿದರು.

ಒಳಗೆ ಮಂಚದ ಮೇಲೆ ಚನ್ನವೀರಮ್ಮ ಮಲಗಿದ್ದಳು. ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ಎಂಟು ವರ್ಷದ ಹಿಂದೆ ಅವಳು ಸಿರುಗುಪ್ಪದ ಸಭೆಯಲ್ಲೇ ಇದ್ದವಳು. ಗಂಡ ಸತ್ತ ಮೇಲೆ ಒಂಟಿತನಕ್ಕೆ ಹೆದರಿ ಅಣ್ಣನ ಮನೆ ಸೇರಿ, ಮನೆಯವರ ಜೊತೆ ವಿಭೂತಿ ಹಚ್ಚಿಕೊಂಡಿದ್ದಳು. ಆಮೇಲೆ ಸಭೆಗೆ ಮರಳಿ ಬಂದಾಗ, "ಎರಡು ದೋಣಿ ಮ್ಯಾಲೆ ಕಾಲಿಟ್ಟಾಕಿ ನಮಗ ಬ್ಯಾಡ" ಎಂದು ಬಾಗಿಲಲ್ಲೇ ತಡೆದು, ಸದಸ್ಯರ ಪಟ್ಟಿಯಿಂದ ಅವಳ ಹೆಸರು ಹೊಡೆದವರು ಯಶೋಧರಮ್ಮ.

"ಕದ್ದು ತರೂದು ಯಾವ ಸೇವಾನೋ?" ಹಂಪೇಶನ ಕೈಯಲ್ಲಿದ್ದ ರೊಟ್ಟಿಯ ತುಂಡು ತೋರಿಸಿ ಅವರು ಕೇಳಿದರು.

"ರೊಟ್ಟಿ ಬೇಕಂತ ಈಕಿ ಹೇಳಿಕಳ್ಸಿದ್ಲು. ಕೇಳಿದ್ರ ನೀವು ಬ್ಯಾಡ ಅಂತಿದ್ರಿ. ಆದಿಸಭಿಯೊಳಗ ಬರಾಕ ಆಗದವ್ರಿಗೆ ಸೇವಕರು ರೊಟ್ಟಿ ಒಯ್ದು ಕೊಡ್ತಿದ್ರು ಅಂತ ಕಲ್ತಿದ್ದೆ. ಮುಚ್ಚಿಟ್ಟದ್ದು ಮಾತ್ರ ನನ್ನ ತಪ್ಪು ಅಮ್ಮಾರ," ಎಂದ ಹಂಪೇಶ್.

ಚನ್ನವೀರಮ್ಮನ ಅತ್ತಿಗೆ ಗುರುಬಸಮ್ಮ ನೀರು ತಂದಿಟ್ಟಳು. "ನಮ್ದೇನೂ ತಕರಾರಿಲ್ರಿ. ನಿಮ್ಮೋರು ಬರ್ತಾರಂತ ಈ ಜೀವ ಭಾಳ ದಾರಿ ಕಾದೈತಿ. ಕುಂದರ್ರಿ."

ಯಶೋಧರಮ್ಮ ಕೂರಲಿಲ್ಲ. ಇದೂ ನಾಟಕವಿರಬಹುದೇ ಎಂದು ಮನಸ್ಸು ಇನ್ನೂ ಕುಟುಕುತ್ತಿತ್ತು. ಕೈ ಮಾತ್ರ ಅಭ್ಯಾಸಬಲದಿಂದ ರೋಗಿಯ ನಾಡಿ ಹಿಡಿದಿತ್ತು. ಚನ್ನವೀರಮ್ಮ ಸೊಟ್ಟ ಬಾಯಲ್ಲಿ, "ಸಿಸ್ಟರಮ್ಮ... ಬಂದ್ಯಾ?" ಎಂದಳು. ದೂರೂ ಇಲ್ಲ, ಕೋಪವೂ ಇಲ್ಲ. ಯಶೋಧರಮ್ಮ ಮಂಚದಂಚಿಗೆ ಕೂತರು. ಮಗ್ಗುಲಿಗೆ ಹೊರಳಿಸಿ ನೋಡಿದರೆ ಮಲಗಿ ಮಲಗಿ ಅವಳ ಬೆನ್ನು ಹುಣ್ಣಾಗಿತ್ತು. ಬಿಸಿನೀರು ಕೇಳಿ ತಾವೇ ಒರೆಸಿದರು. ಒರೆಸುವಾಗ ಕಣ್ಣೀರನ್ನು ತಡೆಯಲಾಗಲಿಲ್ಲ.

ಪಾದ್ರಿಗಳು ಬಂದ ಮುಂದಿನ ಸಭೆಯಲ್ಲಿ ಅವರೇ ಎದ್ದು ನಿಂತು, "ಆಕಿ ಹೆಸರು ಹೊಡದಾಕಿ ನಾನು. ನಾನ ಹೇಳ್ತೀನಿ, ವಾಪಸ್ ಬರೀರಿ" ಎಂದರು. ಕೆಲವರು ಗೊಣಗಿದರು. ಪಾದ್ರಿಗಳು ಹೆಸರನ್ನು ಮತ್ತೆ ಬರೆಸಿದರು.

ಚನ್ನವೀರಮ್ಮ ಇನ್ನೂ ಐದು ತಿಂಗಳು ಬದುಕಿದಳು. ಅಷ್ಟು ದಿನವೂ ಯಶೋಧರಮ್ಮ ವಾರಕ್ಕೆರಡು ಸಲ ಕುರುಗೋಡಿಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟಿಬಂದರು. ಹಂಪೇಶನ ಮೇಲಿನ ಅನುಮಾನ ಪೂರ್ತಿ ಹೋಗಿತ್ತೆಂದಲ್ಲ. ಎಲ್ಲಿಗೆ ಹೋಗುವುದಿದ್ದರೂ ಹೇಳಿಯೇ ಹೋಗಬೇಕೆಂದು ಅವನಿಗೆ ಕಟ್ಟುನಿಟ್ಟು ಮಾಡಿದ್ದರು. ಅವನೂ ಹೇಳಿಯೇ ಹೋಗುತ್ತಿದ್ದ. ಒಮ್ಮೊಮ್ಮೆ, "ನೀವೂ ಬರ್ರಿ" ಎನ್ನುತ್ತಿದ್ದ.