ಝುಲು ಹುಡುಗಿಯೂ ನಮ್ಮ ಮನೆಯವರ ಹೆಸರೂ

ಝುಲು ಎಂಬ ಮಾತು ನಮ್ಮ ಮನೆಗೆ ಬಂದದ್ದು ಪೊಲೀಸ್ ವೈರ್‌ಲೆಸ್ಸಿನಿಂದ. ನಮ್ಮ ಮನೆಯವರು ಲಿಂಗಸುಗೂರಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಗರಗರ ಸದ್ದಿನಲ್ಲಿ ಅಕ್ಷರ ತಪ್ಪಬಾರದೆಂದು ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಹೆಸರಿಟ್ಟು, ಆಲ್ಫಾ, ಬ್ರಾವೊ ಅಂತ ಹೇಳುತ್ತಾರಲ್ಲ, ಆ ಸಾಲಿನ ಕಡೆಯ ಹೆಸರು ಝುಲು. ನಿವೃತ್ತಿಯಾದ ಮೇಲೂ ಅದು ಅವರ ಬಾಯಿಬಿಟ್ಟು ಹೋಗಲಿಲ್ಲ. ಊಟ ಮುಗಿಸಿ ತಾಟು ಸರಿಸಿ "ಝುಲು" ಅನ್ನುತ್ತಿದ್ದರು. ಇನ್ನೇನೂ ಬೇಡ, ಮುಗಿಯಿತು ಅಂತ ಅರ್ಥ. ಪಲ್ಯಕ್ಕೆ ಉಪ್ಪು ಸರಿಯಾಗಿತ್ತೋ ಇಲ್ಲವೋ ಒಂದು ಮಾತು ಹೇಳದೆ ಝುಲು ಅಂದು ಏಳುವ ಗಂಡಸಿನ ಮೇಲೆ ಯಾವ ಹೆಂಗಸಿಗೆ ಸಿಟ್ಟು ಬರುವುದಿಲ್ಲ?

ಹೀಗಿರುವಾಗ ಒಂದು ಚಳಿಗಾಲಕ್ಕೆ ನಮ್ಮ ಮಾಳಿಗೆಯ ಮೇಲಿನ ಖೋಲಿಗೆ ನಿಜವಾದ ಝುಲು ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ದಕ್ಷಿಣ ಆಫ್ರಿಕಾದ ಯಾವುದೋ ಹಳ್ಳಿಯವಳು. ಜೋಳದ ಬೆಳೆಯ ಬಗ್ಗೆ ಓದಲು ರಾಯಚೂರಿಗೆ ಬಂದಿದ್ದಳು. ನಮ್ಮ ಸುತ್ತಿನ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹಿಡಿಯುವುದನ್ನು ಕಣ್ಣಾರೆ ನೋಡಬೇಕೆಂದು ಲಿಂಗಸುಗೂರಿನಲ್ಲಿ ಮನೆ ಹುಡುಕಿದ್ದಳು. ಬೀಗದ ಕೈಯನ್ನು ಎರಡೂ ಕೈ ಒಡ್ಡಿ ಇಸಿದುಕೊಂಡಳು. ನಮ್ಮ ಮುಖವನ್ನು ನೇರ ನೋಡಲಿಲ್ಲ. ಹಿರಿಯರನ್ನು ದಿಟ್ಟಿಸುವುದು ಅವರಲ್ಲಿ ಉದ್ಧಟತನವಂತೆ. ನಮ್ಮ ಕಾಲದ ಸೊಸೆಯಂದಿರು ಹೀಗೇ ಇದ್ದೆವು ಅಂತ ನನಗೆ ಅವಳು ಆ ಗಳಿಗೆಯಿಂದಲೇ ಹಿಡಿಸಿದಳು.

ಝುಲು ಅಂದಕೂಡಲೇ ನಮ್ಮ ಮನೆಯವರು ನಕ್ಕುಬಿಟ್ಟರು. ಜೀವಮಾನವೆಲ್ಲಾ ಕಡೆಯ ಅಕ್ಷರವಾಗಿದ್ದದ್ದು ಈಗ ಚಪ್ಪಲಿ ಬಿಟ್ಟು ಒಳಗೆ ಬಂದಿದೆಯಲ್ಲ ಅಂದರು. ಮಸ್ಕಿಯಲ್ಲಿರುವ ನನ್ನ ಅತ್ತಿಗೆಗೆ ಫೋನಿನಲ್ಲಿ ಹೇಳಿದರೆ, ಅವಳಿಗೆ ಗೊತ್ತಿದ್ದದ್ದು ಹಬ್ಬಕ್ಕೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಮಾತ್ರ.

ಆ ಚಳಿಗಾಲದ ಸಂಜೆಗಳು ನನಗೆ ಈಗಲೂ ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಾಗುತ್ತವೆ. ಮಾಳಿಗೆಯ ಮೇಲೆ ಹಪ್ಪಳ ಒಣಗಿರುತ್ತಿದ್ದವು. ಅವನ್ನು ಎತ್ತಿಡಲು ಹೋದರೆ ಹುಡುಗಿ ಗೋಡೆಗೆ ಒರಗಿ ಮೇಲೆ ನೋಡುತ್ತಾ ಕುಂತಿರುತ್ತಿದ್ದಳು. ಊರಾಚೆ ಬಿಳಿ ತೆನೆಗಳು ಹೊತ್ತು ಮುಳುಗುವಾಗ ಕೆನೆಯ ಬಣ್ಣಕ್ಕೆ ತಿರುಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿ, ನೋಡುನೋಡುತ್ತಲೇ ಇಲ್ಲವಾಗುತ್ತಿದ್ದವು. ನನ್ನ ಹರಕು ಇಂಗ್ಲಿಷ್, ಅವಳ ತೊದಲು ಕನ್ನಡ, ಎರಡನ್ನೂ ಕೂಡಿಸಿ ಮಾತಾಡುತ್ತಿದ್ದೆವು. ಅವಳ ಭಾಷೆಯಲ್ಲಿ ಝುಲು ಎಂಬ ಮಾತಿಗೆ ಮುಗಿಲು ಅಂತ ಅರ್ಥವಂತೆ. ಮಳೆಯಾದರೆ ಮುಗಿಲು ಸುರಿಯಿತು, ಗುಡುಗಿದರೆ ಮುಗಿಲು ಗುಡುಗಿತು, ಎಲ್ಲಕ್ಕೂ ಅದೇ ಮಾತು. ಹಿಂದೆ ಒಬ್ಬ ಮನುಷ್ಯನಿಗೆ ಆ ಹೆಸರಿತ್ತು, ಅವನಿಂದ ಒಂದು ಮನೆತನಕ್ಕೆ ಬಂತು, ಮನೆತನದಿಂದ ಇಡೀ ಜನಕ್ಕೆ, ಜನದಿಂದ ಅವರ ನುಡಿಗೆ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್ ಅನ್ನಿಸುವುದು ಆ ನುಡಿಯಲ್ಲಿ ಒಂದು ಅಕ್ಷರ. ಅಯ್ಯೋ ಪಾಪ ಅಂತ ನಾವು ಲೊಚಗುಟ್ಟುತ್ತೇವಲ್ಲ, ಅಂಥದ್ದೂ ಒಂದು ಅಕ್ಷರ. ನಾನು ಎಷ್ಟು ಲೊಚಗುಟ್ಟಿದರೂ ಅವಳು ಒಪ್ಪಲಿಲ್ಲ, ತಲೆಯಾಡಿಸಿ ನಗುತ್ತಿದ್ದಳು.

ನಮ್ಮ ಮನೆಯವರ ಹೆಸರು 'ಏನ್ರಿ' ಅಂತಲೇ ಅವಳು ಬಹಳ ದಿನ ತಿಳಿದಿದ್ದಳು. ನಾನು ದಿನಾ ಅವರನ್ನು ಕರೆಯುವುದು ಹಾಗೆಯೇ ತಾನೆ. ಒಂದು ದಿನ "ಏನ್ರಿ ಅಂಕಲ್ ಎಲ್ಲಿ ಹೋಗ್ಯಾರ?" ಅಂತ ಕೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಹೇಳಿದೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮವ್ವ ನನ್ನ ಕಿವಿ ಹಿಂಡಿ ಕಲಿಸಿದ್ದಳು. ನಮ್ಮಪ್ಪನ ಹೆಸರಿನಲ್ಲಿ ಒಂದು ವಾರದ ಹೆಸರು ಅಡಗಿತ್ತು. ಅದಕ್ಕೇ ನಮ್ಮವ್ವ ಆ ದಿನವನ್ನು ಸಾಯುವತನಕ 'ಸಂತಿ ಆದ ಮರುದಿನ' ಅಂದಳೇ ಹೊರತು ಬಾಯಿತಪ್ಪಿಯೂ ಹೆಸರು ಹಿಡಿಯಲಿಲ್ಲ. ಈಗಿನವರು ಬೇರೆ. ನನ್ನ ಸೊಸೆ ನನ್ನ ಮಗನನ್ನು ಅಡಿಗೆಮನೆಯಿಂದಲೇ ಹೆಸರು ಹಿಡಿದು ಕೂಗುತ್ತಾಳೆ. ಅವನ ಆಯುಷ್ಯವೇನೂ ಕಡಿಮೆಯಾದಂತೆ ಕಾಣುವುದಿಲ್ಲ, ಹೊಟ್ಟೆ ಮಾತ್ರ ಜಾಸ್ತಿಯಾಗಿದೆ. ಆದರೂ ಕನ್ನಡ ಕಲಿಸಿ ನಿವೃತ್ತಳಾದ ನಾನು, ಮಕ್ಕಳಿಗೆ ಮೂಢನಂಬಿಕೆ ಬೇಡ ಅಂತ ಪಾಠ ಹೇಳಿದ ನಾನು, ಅಲ್ಲಿಯತನಕ ಅವರ ಹೆಸರನ್ನು ಹೇಳಿದವಳಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಹುಡುಗಿಯ ನಗು ನಿಂತುಹೋಯಿತು. ತನ್ನ ಅಜ್ಜಿಯೂ ಹಾಗೆಯೇ ಅಂದಳು. ಅವರಲ್ಲಿ ಮದುವೆಯಾಗಿ ಬಂದವಳು ಮಾವನ ಹೆಸರು ಹಿಡಿಯುವಂತಿಲ್ಲ. ಆ ಹೆಸರಿನ ಸದ್ದು ಇರುವ ಬೇರೆ ಮಾತುಗಳನ್ನೂ ಆಡುವಂತಿಲ್ಲ. ಅದಕ್ಕೆಂದೇ ಸೊಸೆಯಂದಿರ ಬಾಯಲ್ಲಿ ಬೇರೆ ಮಾತುಗಳೇ ಇರುತ್ತವಂತೆ. ಸಮುದ್ರದ ಆಚೆ ಯಾವುದೋ ಗುಡ್ಡದ ಓರೆಯಲ್ಲಿ ಒಬ್ಬ ಮುದುಕಿ ನಮ್ಮವ್ವನ ಹಾಗೆಯೇ ಮಾತನ್ನು ಸುತ್ತು ಹಾಕಿಸಿ ಆಡುತ್ತಿದ್ದಾಳೆ ಅಂತ ನೆನೆದರೆ ನನಗೆ ಏನೋ ಒಂಥರಾ ಸುಖವಾಯಿತು.

ಇನ್ನೊಂದು ದಿನ ಅವಳನ್ನು ಮಸ್ಕಿಗೆ ಕರೆದುಕೊಂಡು ಹೋಗಿದ್ದೆ. ಅಣ್ಣನ ಹೊಲದಲ್ಲಿ ಸಿಹಿತೆನೆ ಸುಟ್ಟು ತಿಂದು ಬದುವಿನ ಮೇಲೆ ನಡೆಯುವಾಗ ಅವಳು ಬಾರಿಹಣ್ಣಿನ ಗಿಡವೊಂದರ ಮುಂದೆ ನಿಂತಳು. ಬಾಗಿದ ಮುಳ್ಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಇಂಥದೇ ಗಿಡ ತಮ್ಮಲ್ಲೂ ಇದೆ, ಯಾರಾದರೂ ಊರ ಹೊರಗೆ ಸತ್ತರೆ ಮನೆಯವರು ಅದರ ಟೊಂಗೆ ಹಿಡಿದು ಆ ಜಾಗಕ್ಕೆ ಹೋಗಿ, ಸತ್ತವರ ಹೆಸರು ಕರೆದು, ಮನೆಗೆ ನಡಿ ಅನ್ನುತ್ತಾರೆ ಅಂದಳು. ಆಮೇಲೆ ಟೊಂಗೆಯನ್ನು ಬಸ್ಸಿನಲ್ಲಿ ತರುತ್ತಾರೆ, ಸತ್ತವರ ಜೀವ ಅದರಲ್ಲಿ ಬರುತ್ತದೆಂದು ಅದಕ್ಕೂ ಒಂದು ಸೀಟು ಹಿಡಿಯುತ್ತಾರಂತೆ. ಮಧ್ಯಾಹ್ನದ ಬಿಸಿಲು ತೆನೆಗಳ ಮೇಲೆ ಅಲುಗಾಡುತ್ತಿತ್ತು. ಕಿಟಕಿಯ ಪಕ್ಕ ಕುಂತು ಊರಿಗೆ ಹೊರಟ ಒಂದು ಟೊಂಗೆ ನನ್ನ ಕಣ್ಣಿಗೆ ಕಟ್ಟಿದಂತಾಯಿತು.

ಜೋಳದ ರಾಶಿ ಶುರುವಾದ ಹೊತ್ತಿಗೆ ನಮ್ಮ ಮನೆಯವರು ಬಚ್ಚಲ ಬಾಗಿಲಲ್ಲಿ ಕುಸಿದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಊರಿನ ದವಾಖಾನೆಯಲ್ಲಿ ಅಂದರು. ಸಿಂಧನೂರಿನ ಆಸ್ಪತ್ರೆಗೆ ಒಯ್ದೆವು. ಔಷಧ ಕೊಟ್ಟರು. ಜೀವಕ್ಕೆ ಅಪಾಯ ತಪ್ಪಿದಂತಾಯಿತು, ಆದರೆ ಅವರು ಮಾತ್ರ ಎಚ್ಚರಕ್ಕೆ ಬರಲಿಲ್ಲ. ಕಣ್ಣು ಅರ್ಧ ತೆರೆದು ಮೇಲಿನ ಫ್ಯಾನನ್ನು ನೋಡುತ್ತಾ ಮಲಗಿಬಿಟ್ಟರು. ನೋಡುತ್ತಿದ್ದರೋ ಇಲ್ಲವೋ ಅದೂ ಗೊತ್ತಾಗುತ್ತಿರಲಿಲ್ಲ. ಹೀಗೇ ಬಹಳ ದಿನ ಬಿಟ್ಟರೆ ಇನ್ನೂ ಒಳಗೆ ಸರಿದುಬಿಡುತ್ತಾರೆ ಅಂತ ಡಾಕ್ಟರಿಗೆ ಚಿಂತೆ. "ಕಿವಿ ಕೇಳ್ತದರೀ ಅವರಿಗೆ. ನಾವು ಕರದ್ರ ಆಗವಲ್ದು, ಮನಿಯವರ ದನಿ ಬೇಕು. ಹೆಸ್ರು ಹಿಡದು ಕರೀರಿ," ಅಂದರು.

ನಾವು ಕರೆದೆವು. ಮಗ ಅಪ್ಪಾ ಅಂದ, ಸೊಸೆ ಮಾಮಾ ಅಂದಳು, ನೋಡಲು ಬಂದ ನೆರೆಯವರು ಸಾಹೇಬ್ರ ಅಂದರು. ನಾನು ಏನ್ರೀ ಅಂದೆ, ಇಲ್ಲಿ ಕೇಳ್ರಿ ಅಂದೆ, ನಾನು ಬಂದೀನಿ ನೋಡ್ರಿ ಅಂದೆ. ಕರೆದೂ ಕರೆದೂ ಗಂಟಲು ಬಿದ್ದುಹೋಯಿತು. ರೆಪ್ಪೆ ಕೂಡ ಅಲುಗಲಿಲ್ಲ. ಎಲ್ಲಾ ಕರೆದಾಯಿತು ಅಂತ ಡಾಕ್ಟರಿಗೆ ಹೇಳಿದೆವು.

ಮರುದಿನ ಮಧ್ಯಾಹ್ನ ಝುಲು ಹುಡುಗಿ ಲಿಂಗಸುಗೂರಿನಿಂದ ಬಸ್ಸಿಗೆ ಬಂದಳು. ಕೈಯಲ್ಲಿ ನೆರೆಮನೆಯವರು ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿ. ಮಂಚದ ಕಾಲ್ದೆಸೆಯಲ್ಲಿ ನಿಂತು ನೆಲ ನೋಡುತ್ತಾ ನಾವು ಮತ್ತೆ ಕೂಗಿದ್ದನ್ನೆಲ್ಲ ಕೇಳಿದಳು. ಆಮೇಲೆ ನನ್ನನ್ನು ಹೊರಗೆ ಕರೆದು, ಇವರಲ್ಲಿ ಯಾರು ಅಂಕಲ್ಲಿನ ಹೆಸರು ಕರೆದರು ಅಂತ ಕೇಳಿದಳು.

ಒಬ್ಬೊಬ್ಬರನ್ನೂ ನೆನೆದು ನೋಡಿದೆ. ಯಾರೂ ಕರೆದಿರಲಿಲ್ಲ. ಇಷ್ಟು ಜನ ಇಷ್ಟು ದನಿಯಲ್ಲಿ ಕೂಗಿ, ಅವರ ಹೆಸರನ್ನು ಮಾತ್ರ ಒಬ್ಬರೂ ಹಿಡಿದಿರಲಿಲ್ಲ. ಅದನ್ನು ಕರೆಯುವ ಅವರ ಅವ್ವ, ಅಪ್ಪ, ಅಣ್ಣ ಎಲ್ಲರೂ ಮಣ್ಣಾಗಿದ್ದರು. ಊರಿಗೆ ಅವರು ವೈರ್‌ಲೆಸ್ ಸಾಹೇಬರು. ಹೆಸರು ಹಿಡಿದು ಕರಿ ಅಂತ ಮಗನಿಗೆ ಹೇಳಿದೆ. ಅವನು ತಂದೆಯ ಕಿವಿಯ ಹತ್ತಿರ ಬಾಗಿ, ಮುಖ ಕೆಂಪು ಮಾಡಿಕೊಂಡು, ಕೊನೆಗೆ ಮತ್ತೆ ಅಪ್ಪಾ ಅಂದ. ಬಾಯೇ ಬರವಲ್ದು ಅವ್ವಾ ಅಂತ ಗೋಡೆಗೆ ಮುಖ ಮಾಡಿದ. ಸೊಸೆಯೂ ತಲೆ ತಗ್ಗಿಸಿದಳು. ಗಂಡನನ್ನು ಹೆಸರು ಹಿಡಿದು ಕೂಗುವವಳಿಗೆ ಮಾವನ ಹೆಸರು ಬಾಯಿಗೆ ಬರಲಿಲ್ಲ. ಹುಡುಗಿಯ ಕಡೆ ನೋಡಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅವಳಿಗೂ ಅವರು ಹಿರಿಯರೇ.

ಉಳಿದವಳು ನಾನು. ಇಷ್ಟು ವರ್ಷ ಬಾಯಲ್ಲಿ ಕಟ್ಟಿ ಇಟ್ಟುಕೊಂಡ ಹೆಸರು, ಅವರ ಆಯುಷ್ಯ ಒಂದು ದಾರದ ಮೇಲೆ ನಿಂತಿರುವ ಈ ಹೊತ್ತಿನಲ್ಲೇ ಬಿಡಬೇಕೆ? ಕರೆದ ಕೂಡಲೇ ಹೋಗಿಬಿಟ್ಟರೆ? ಬಾರಿ ಟೊಂಗೆ ಹಿಡಿದು ಸತ್ತವರನ್ನು ಕರೆಯುವವರು ಬೇರೆ ಕಣ್ಣ ಮುಂದೆ ಬಂದರು. ನನ್ನಿಂದ ಆಗುವುದಿಲ್ಲ ಅಂದೆ. ನಾಚಿಕೆಯಿಲ್ಲದೆ ಅತ್ತೆ.

ಹುಡುಗಿ ನನ್ನ ಪಕ್ಕ ಬೆಂಚಿನ ಮೇಲೆ ಕುಂತು ತನ್ನ ಅಜ್ಜಿಯ ಇನ್ನೊಂದು ಕತೆ ಹೇಳಿದಳು. ಒಮ್ಮೆ ಹೊಳೆ ಏರಿತು. ಅಜ್ಜಿಯ ಮಾವ ದಂಡೆಯ ಗುಡಿಸಲಿನಲ್ಲಿ ಮಲಗಿದ್ದ, ಕಿವಿ ಮಂದ. ಸೊಸೆ ಈಚೆ ನಿಂತು ಏನೇನೋ ಅಂದು ಕೂಗಿದಳು, ಏಳಲಿಲ್ಲ. ಕಡೆಗೆ ಹೆಸರು ಹಿಡಿದು ಚೀರಿದಳು. ಮುದುಕ ಧಡಕ್ಕನೆ ಎದ್ದು ಓಡಿ ಬಂದ. ಬಂದವನೇ, ನನ್ನ ಹೆಸರು ಹಿಡಿದೆಯಾ ಅಂತ ಬೈಯಲು ಶುರುಮಾಡಿದ. "ಮತ್ತೆ ಭಾಳ ವರ್ಷ ಇದ್ದ ಅವ್ವಾ. ಬೈಕೋತ ಇದ್ದ," ಅಂದಳು, ತನ್ನ ತೊದಲು ಕನ್ನಡದಲ್ಲಿ.

ಅಳುವಿನ ನಡುವೆಯೇ ನನಗೆ ನಗು ಬಂತು. ಬೈಸಿಕೊಳ್ಳಲು ನಾನು ಸಿದ್ಧಳಿದ್ದೆ. ಅವರು ಎದ್ದು ಬೈದರೆ ಸಾಕಾಗಿತ್ತು.

ಎಲ್ಲರನ್ನೂ ಹೊರಗೆ ಕಳಿಸಿ ಮಂಚದ ಸುತ್ತಿನ ಹಸಿರು ಪರದೆ ಎಳೆದೆ. ಬಿಸಿಲು ಪರದೆಯಲ್ಲಿ ಸೋಸಿ ಬಂದು, ನೀರಿನ ತಳದಲ್ಲಿ ಕುಂತಂತೆ ಇತ್ತು. ಬರಿಯ ಹೆಸರು ಬಾಯಿಗೆ ಬರಲಿಲ್ಲ. ಮದುವೆಯಲ್ಲಿ ಹೊಸ್ತಿಲ ಮೇಲೆ ಹೆಂಗಸರು ಅಡ್ಡಗಟ್ಟಿ ಒಡಪಿನ ಪದ್ಯದಲ್ಲಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅಂದು ಯಾರಿಗೂ ಕೇಳದ ಹಾಗೆ ಗುನುಗಿ ಒಳಗೆ ಓಡಿದ್ದೆ. ಆ ಒಡಪನ್ನೇ ಹಿಡಿದೆ. ಹೂವು, ಹರಿವಾಣ, ಅರಿಷಿಣ ಎಲ್ಲಾ ಸರಾಗವಾಗಿ ಬಂದವು. ಹೆಸರು ಬರುವ ಜಾಗಕ್ಕೆ ಬಂದು ನಿಂತೆ. ಕಣ್ಣು ಮುಚ್ಚಿದೆ. ಅವರ ಕಿವಿಗೆ ಬಾಯಿಯಿಟ್ಟು ಅವರ ಹೆಸರು ಕರೆದೆ. ಇನ್ನೊಮ್ಮೆ, ಗಟ್ಟಿಯಾಗಿ ಕರೆದೆ.

ಅವರ ಗಂಟಲು ಅಲುಗಿತು. ಎಲ್ಲೋ ಓಣಿಯ ಕಡೆಯಿಂದ ಕೇಳಿದಂಥ ಸಣ್ಣ ದನಿಯಲ್ಲಿ ಅವರು ಅಂದರು, "ಬಂದೆ ಬೇ ಯವ್ವಾ."

ನನಗೆ ಎದೆ ತುಂಬಿ ಬಂತು. ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಆದರೆ ಆ ಹೆಸರನ್ನು ಹೆಂಗಸಿನ ದನಿಯಲ್ಲಿ ಅವರು ಕೇಳಿದ್ದು ಅವ್ವನ ಬಾಯಿಂದ ಮಾತ್ರ. ಆ ಹೆಸರಿನಲ್ಲಿ ನನ್ನ ಪಾಲು ಏನೂ ಇರಲಿಲ್ಲ. ನಾನ್ರೀ, ನಾನು, ಅಂತ ಹೇಳಬೇಕೆನ್ನಿಸಿತು. ಹೇಳಿದರೆ ಅರ್ಧ ದಾರಿಗೆ ಬಂದವರು ತಿರುಗಿ ಹೋದಾರೆಂಬ ಭಯ.

ಅವರಿಗೆ ಎಂದೂ ಏಕವಚನ ಆಡದವಳು ಅವರ ಗಲ್ಲ ಹಿಡಿದು ಅಂದೆ, "ಬಾರೋ ಲಗೂ. ಎಷ್ಟೊತ್ತಿಂದ ಕರ್ಯಾಕತ್ತೀನಿ, ಮನಿಗೆ ಬಾ."

ಅವರ ಕತ್ತು ನಿಧಾನವಾಗಿ ನನ್ನ ಕಡೆ ಹೊರಳಿತು. ಕಣ್ಣು ನನ್ನ ಮುಖದ ಮೇಲೆಲ್ಲಾ ಹುಡುಕತೊಡಗಿದವು. ಅವರು ನನ್ನ ಗುರುತು ಹಿಡಿಯುವತನಕ ನಾನು ಅವರ ಅವ್ವನಾಗಿಯೇ ಕರೆಯುತ್ತಾ ಕುಂತೆ.