ಭಾವನ ಸ್ಕೂಟರೂ ಡಾಕ್ಟರ ದಿಗ್ವಿಜಯವೂ

ಲೋಕದಲ್ಲಿ ಕೆಲವರು ಕೆಲಸ ಮಾಡುತ್ತಾರೆ, ಕೆಲವರು ಕೆಲಸ ಮಾಡಿಸುತ್ತಾರೆ. ನಮ್ಮ ಕಥಾನಾಯಕನ ಪೀಠ ಇವೆರಡಕ್ಕಿಂತ ಎತ್ತರದ್ದು. ಜನ ಕೆಲಸ ಮಾಡುವಾಗ ಹೇಗಿರುತ್ತಾರೆ ಎಂಬುದನ್ನು ಅವನು ಸಂಶೋಧಿಸುತ್ತಿದ್ದ. ಕಂಪನಿಗಳಲ್ಲಿ ಮೇಲಿನವರ ಎದುರು ಕೆಳಗಿನವರು ಯಾಕೆ ಬಾಯಿ ಬಿಡುವುದಿಲ್ಲ, ಇದು ಅವನ ವಿಷಯ. ಸ್ವತಃ ಅವನು ಯಾವ ಕಂಪನಿಯಲ್ಲೂ ಒಂದು ದಿನ ಬೆವರು ಸುರಿಸಿದವನಲ್ಲ. ಈಜು ಬಾರದವನಿಗೆ ದಡದ ಮೇಲಿಂದ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ.

ಡಾಕ್ಟರೇಟಿಗಾಗಿ ಅವನು ಎಷ್ಟು ಕಾಲ ಹೋರಾಡಿದನೆಂದರೆ, ಶುರು ಮಾಡಿದಾಗ ತೊಟ್ಟಿಲಲ್ಲಿದ್ದ ಅಕ್ಕನ ಮಗಳು ಈಗ "ಮಾವಾ, ಬಾತ್‌ರೂಮಿಂದ ಹೊರಗೆ ಬರ್ತೀಯೋ ಇಲ್ವೋ?" ಎಂದು ಬಾಗಿಲು ಬಡಿಯುವಷ್ಟು ಬೆಳೆದಿದ್ದಳು. ಪದವಿ ಬರುವ ಮೊದಲೇ ಮನೆಯವರು ಅವನನ್ನು ಡಾಕ್ಟರ್ ಎನ್ನುತ್ತಿದ್ದರು. ಪ್ರೀತಿಯಿಂದಲ್ಲ.

ವಾಸ ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ, ಊಟ ಭಾವನ ಸಂಬಳದಲ್ಲಿ. ಭಾವ ಬಾಟಲಿಗಳಿಗೆ ಮುಚ್ಚಳ ತಯಾರಿಸುವ ಕಂಪನಿಯೊಂದರಲ್ಲಿ ಸರಕು ಸಾಗಿಸುವ ವಿಭಾಗದ ಮುಖ್ಯಸ್ಥ. ಇಡೀ ಮನೆಗೆ ಅವನದೊಂದೇ ದುಡಿಮೆ. ಅದು ಹೋದರೆ ಒಲೆಯ ಮೇಲೆ ಬೆಕ್ಕು ಮಲಗುತ್ತಿತ್ತು.

ಈ ಭಾವನಿಗೊಂದು ಸ್ಕೂಟರ್ ಇತ್ತು. ಯಾರೋ ಓಡಿಸಿ ಬಿಟ್ಟಿದ್ದನ್ನು, ಅಕ್ಕ ಬೇಡವೆಂದರೂ, ತಂದದ್ದು. ತಂದ ದಿನದಿಂದಲೇ ಎಣ್ಣೆ ಸೋರುತ್ತಿತ್ತು. ಭಾವನ ಲೋಕಜ್ಞಾನವೆಲ್ಲ ಆ ಸ್ಕೂಟರಿನಿಂದಲೇ ಬಂದದ್ದು. ಮಗಳ ಲೆಕ್ಕದ ಅಂಕ ಬಂದರೆ, "ನಮ್ಮ ಸ್ಕೂಟರ್ ಇದ್ದ ಹಾಗೆ, ಏರು ಬಂದ್ರೆ ಉಸಿರು ಕಟ್ಟುತ್ತೆ." ಹೆಂಡತಿ ಸಿಟ್ಟಾದರೆ, "ನಮ್ಮ ಸ್ಕೂಟರ್ ಇದ್ದ ಹಾಗೆ, ಬಿಸಿ ಆಗೋಕೆ ಹೊತ್ತು, ಆದ್ಮೇಲೆ ನಿಲ್ಲಲ್ಲ." ಕಂಪನಿಯಲ್ಲಿ ಗೇಟು ಕಾಯುವವನಿಂದ ಲೆಕ್ಕ ಬರೆಯುವವಳವರೆಗೆ ಎಲ್ಲರಿಗೂ ಈ ಉಪಮೆಗಳು ಬಾಯಿಪಾಠ. ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದೇ 'ಸ್ಕೂಟರ್' ಎಂದು. ಮನೆಯಲ್ಲಿ ಮಾತ್ರ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿ ಕೇಳಿಸುತ್ತದೆಯೇ?

ಒಂದು ದಿನ ಡಾಕ್ಟರನ ಮಾರ್ಗದರ್ಶಕಿ ಗುಡುಗಿದರು. "ಕಂಪನಿಯೊಳಗೆ ಕಾಲಿಟ್ಟು, ಜನರನ್ನ ಮಾತಾಡ್ಸಿ ತನ್ನಿ. ಇಲ್ದಿದ್ರೆ ಮುಂದಿನ ವರ್ಷ ನಿಮ್ಮ ಹೆಸರು ತೆಗೆದು ಹಾಕ್ತಾರೆ."

ಯಾವ ಕಂಪನಿಯೂ ಒಳಗೆ ಬಿಡಲಿಲ್ಲ. ಅಕ್ಕ ಗಂಡನ ಕಡೆ ತಿರುಗಿದಳು.

"ನಿಮ್ಮ ದೊಡ್ಡೋರನ್ನ ಕೇಳಿ."

"ಹೋಗೋ ಮಾರಿನ ಕರ್ದು ಮನೇಲಿ ಕೂರಿಸ್ಕೊಳ್ಳೋದು ಬೇಡ ಕಣೇ."

"ನನ್ನ ತಮ್ಮ ಮಾರೀನಾ?"

ಮರುದಿನ ಭಾವ ಕಂಪನಿಯಲ್ಲಿ ಅನುಮತಿ ಕೇಳಿದ. ಕಂಪನಿಯ ಯಜಮಾನರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರಿಗೆ ಆನಂದವೇ ಆಯಿತು. "ಬರ್ಲಿ ಕಣ್ರೀ, ಬಂದು ನೋಡ್ಲಿ. ನಮ್ಮಲ್ಲಿ ಎಲ್ಲಾ ಮನಸ್ಸು ಬಿಚ್ಚಿ ಮಾತಾಡ್ತಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಹೀಗೆ ನಮ್ಮ ವೀರ, ಇಸ್ತ್ರಿ ಮಾಡಿದ ಅಂಗಿಯ ಕವಚ ತೊಟ್ಟು, ಭಾವನ ಸ್ಕೂಟರಿನ ಹಿಂದಿನ ಸೀಟೇರಿ ದಂಡಯಾತ್ರೆಗೆ ಹೊರಟ. ಕಂಪನಿಯ ಸಭೆಯಲ್ಲಿ ಅವನಿಗೆ ರತ್ನವೇ ಸಿಕ್ಕಿತು. ದೊಡ್ಡವರು ಮಾತು ಮುಗಿಸಿ, "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎನ್ನುತ್ತಿದ್ದರು. ಆಗ ಸಭೆಗೆ ಸಭೆಯೇ ತಲೆ ತಗ್ಗಿಸಿ ತಂತಮ್ಮ ಟೀ ಲೋಟವನ್ನು ನೋಡುತ್ತಿತ್ತು. ಯಾರೂ ಕುಡಿಯುತ್ತಿರಲಿಲ್ಲ. ಟೀ ಮೇಲೆ ಕೆನೆ ಕಟ್ಟಿದ ಮೇಲೆ ದೊಡ್ಡವರು, "ಸರಿ, ಎಲ್ಲರ ಒಪ್ಪಿಗೆ ಇದೆ" ಎಂದು ಏಳುತ್ತಿದ್ದರು. ಆಮೇಲೆ ಎಲ್ಲರೂ ಆ ತಣ್ಣನೆಯ ಟೀಯನ್ನು ಒಂದೇ ಗುಟುಕಿಗೆ ಔಷಧಿಯಂತೆ ನುಂಗುತ್ತಿದ್ದರು. ಡಾಕ್ಟರ್ ಪುಳಕಿತನಾದ. 'ಕೆನೆಗಟ್ಟಿದ ಮೌನ' ಎಂಬ ಸಿದ್ಧಾಂತ ಅಲ್ಲೇ ಹುಟ್ಟಿತು.

ಆದರೆ ಮೌನದ ಕೆಳಗೆ ಏನಿದೆಯೆಂದು ಯಾರಾದರೂ ಹೇಳಬೇಕಲ್ಲ! ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ. ಎಲ್ಲರೂ ಗಿಳಿಗಳು. "ಚೆನ್ನಾಗಿದೆ ಸರ್. ಒಂದೇ ಕುಟುಂಬ ಇದ್ದ ಹಾಗೆ ಸರ್." ಕೊನೆಗೆ ಭಾವನನ್ನೇ ಗೋದಾಮಿನ ಪೆಟ್ಟಿಗೆಗಳ ನಡುವೆ ಹಿಡಿದ.

"ಭಾವ, ನೀವಾದ್ರೂ ನಿಜ ಹೇಳಿ. ಇಲ್ದಿದ್ರೆ ನಾನು ಸತ್ತೆ."

"ನಾನು ಹೇಳಿದ್ರೆ ನಾನು ಸತ್ತೆ ಕಣಯ್ಯಾ."

"ಹೆಸರು ಹಾಕಲ್ಲ ಭಾವ! ನಿಮ್ಮ ವಿಭಾಗ ಹಾಕಲ್ಲ, ವಯಸ್ಸು ಹಾಕಲ್ಲ. ಹೆಂಗಸು ಅಂತ ಬೇಕಾದ್ರೂ ಬರೀತೀನಿ."

ಭಾವ ಸುತ್ತ ನೋಡಿದ. ಬಹಳ ದಿನದಿಂದ ಎದೆಯಲ್ಲಿದ್ದದ್ದು ಹೊರಬಂತು. ದೊಡ್ಡವರು ತಾವೇ ಆರಿಸಿ ತಂದ ಹೊಸ ಮೆಷಿನ್ನಿನ ಮುಚ್ಚಳಗಳು ಸರಿಯಾಗಿ ಕೂರುವುದಿಲ್ಲ, ಬಾಟಲಿಗಳು ಸೋರುತ್ತವೆ, ಸರಕು ವಾಪಸ್ ಬರುತ್ತಿದೆ, ಗೇಟಿನವನಿಗೂ ಗೊತ್ತು, ದೊಡ್ಡವರಿಗೊಬ್ಬರಿಗೆ ಗೊತ್ತಿಲ್ಲ.

"ಆ ಮೆಷಿನ್ ನಮ್ಮ ಸ್ಕೂಟರ್ ಇದ್ದ ಹಾಗೆ ಕಣೋ. ಬಂದ ದಿನದಿಂದ ಸೋರ್ತಿದೆ. ಆದ್ರೆ ತಂದೋರ ಮುಂದೆ ಸೋರುತ್ತೆ ಅನ್ನೋ ಹಾಗಿಲ್ಲ."

ಡಾಕ್ಟರನಿಗೆ ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

ಕೊಟ್ಟ ಮಾತಿಗೆ ಅವನು ತಪ್ಪಲಿಲ್ಲ. ವರದಿಯಲ್ಲಿ ಭಾವನ ಹೆಸರು ಅಳಿಸಿದ, ವಿಭಾಗ ಅಳಿಸಿದ. ಭಾವನನ್ನು 'ಒಬ್ಬ ಮಹಿಳಾ ಉದ್ಯೋಗಿ' ಮಾಡಿದ. ಗೋದಾಮನ್ನು ಕ್ಯಾಂಟೀನ್ ಮಾಡಿದ. ಆದರೆ ಜನ ಆಡಿದ ಮಾತನ್ನು ಮಾತ್ರ ಅಕ್ಷರವೂ ಬದಲಿಸಬಾರದು, ಅದು ಸಂಶೋಧನೆಯ ಧರ್ಮ. ಧರ್ಮಿಷ್ಠ ಬದಲಿಸಲಿಲ್ಲ. ಆ ಮಾತಿನಲ್ಲಿ ಸ್ಕೂಟರ್ ನಿಂತಿದೆಯೆಂದು ಅವನಿಗೆ ಹೊಳೆಯಲೂ ಇಲ್ಲ. ಹೇಳಿದೆನಲ್ಲ, ಗಿರಣಿಯ ಪಕ್ಕದ ಮನೆ.

ವರದಿಯನ್ನು ಸಭೆಯಲ್ಲೇ ಓದಿ ಎಂದರು ದೊಡ್ಡವರು. ಡಾಕ್ಟರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮೋಡದ ಮೇಲೆ ತೇಲುವವನಂತೆ ಓದಿದ. "ಒಬ್ಬ ಮಹಿಳಾ ಉದ್ಯೋಗಿ ಹೀಗೆಂದರು: ಆ ಮೆಷಿನ್ ನಮ್ಮ ಸ್ಕೂಟರ್ ಇದ್ದ ಹಾಗೆ..."

ಯಾರೂ ಭಾವನ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣೂ ಲೋಟದಲ್ಲಿ. ಶಿಸ್ತೆಂದರೆ ಅದು! ಲೆಕ್ಕ ಬರೆಯುವವಳ ಭುಜ ಮಾತ್ರ ಅದುರುತ್ತಿತ್ತು, ನಗುವಿಗೋ ಭಯಕ್ಕೋ ತಿಳಿಯದು.

"ಯಾರ್ರೀ ಇದನ್ನ ಹೇಳಿದ್ದು?" ದೊಡ್ಡವರು ಮೆಲ್ಲಗೆ ಕೇಳಿದರು.

ಡಾಕ್ಟರ್ ಎದೆ ಸೆಟೆಸಿದ. ಇಡೀ ಜನ್ಮ ಕಾದದ್ದು ಈ ಗಳಿಗೆಗೇ. "ಕ್ಷಮಿಸ್ಬೇಕು ಸರ್. ತಲೆ ಹೋದ್ರೂ ಹೇಳಲ್ಲ!"

"ಭೇಷ್, ಭೇಷ್! ಹೇಳ್ಬೇಡಿ. ಮಾತು ಅಂದ್ರೆ ಮಾತು." ದೊಡ್ಡವರು ಮೇಜಿನ ಆ ತುದಿಗೆ ತಿರುಗಿ, ನೆಂಟರ ಕ್ಷೇಮ ವಿಚಾರಿಸುವ ದನಿಯಲ್ಲಿ ಭಾವನನ್ನು ಕೇಳಿದರು. "ಏನ್ರೀ, ಸ್ಕೂಟರ್ ಹೇಗಿದೆ?"

ಭಾವ ಎದ್ದು ನಿಂತ. "ಸೋರ್ತಿದೆ ಸರ್."

ಸಭೆ ಹೋ ಎಂದು ನಕ್ಕಿತು. ದೊಡ್ಡವರೂ ನಕ್ಕರು. ಎಲ್ಲ ನಗುತ್ತಿದ್ದಾರಲ್ಲ ಎಂದು ಡಾಕ್ಟರನೂ ನಕ್ಕ. ಎಲ್ಲರಿಗಿಂತ ಜೋರಾಗಿ.

ಭಾವನನ್ನು ಮನೆಗೆ ಕಳಿಸುವಾಗ ಹೂವಿನ ಗುಚ್ಛ ಕೊಟ್ಟರು. "ಇಷ್ಟು ವರ್ಷ ದುಡಿದಿದೀರಿ, ಇನ್ನು ವಿಶ್ರಾಂತಿ ತಗೊಳ್ಳಿ" ಎಂದರು. ಅಕ್ಕ ಆ ಗುಚ್ಛವನ್ನು ತಮ್ಮನ ಕೋಣೆಯ ಬಾಗಿಲಿಗೆ ಎಸೆದು, ವಾರಗಟ್ಟಲೆ ಅವನ ತಟ್ಟೆಯನ್ನು ಕುಕ್ಕಿ ಕುಕ್ಕಿಯೇ ಇಟ್ಟಳು. ಮಹಾಪ್ರಬಂಧ ಮಾತ್ರ ಪ್ರಶಂಸೆಯ ಮೇಲೆ ಪ್ರಶಂಸೆ ಪಡೆದು ಪಾಸಾಯಿತು. ಅದರಲ್ಲಿ ಒಂದು ಅಡಿಟಿಪ್ಪಣಿ ಇದೆ: 'ಮಾಹಿತಿ ನೀಡಿದ ಒಬ್ಬರು ಅಧ್ಯಯನದ ನಂತರ ವೈಯಕ್ತಿಕ ಕಾರಣಗಳಿಂದ ಸಂಸ್ಥೆಯನ್ನು ತೊರೆದರು.'

ಹೊಸ ಡಾಕ್ಟರನಿಗೆ ದೊಡ್ಡವರು ತಾವಾಗಿಯೇ ಕೆಲಸ ಕೊಟ್ಟರು. ಸಿಬ್ಬಂದಿ ಮನಬಿಚ್ಚಿ ಮಾತಾಡುವಂತೆ ಮಾಡುವ ಸಲಹೆಗಾರ. ಕೂರಲು ಖಾಲಿಯಿದ್ದದ್ದು ಭಾವನ ಕೋಣೆ. ಹೋಗಿಬರಲು ಭಾವನ ಸ್ಕೂಟರ್. ಮನೆಗೆ ಸಂಬಳ ಬೇಕಿತ್ತು, ಅಕ್ಕ ಬಾಯಿ ಮುಚ್ಚಿಕೊಂಡು ಬುತ್ತಿ ಕಟ್ಟಿದಳು.

ಮೊದಲ ಸಭೆಯಲ್ಲಿ ದೊಡ್ಡವರು ಕೇಳಿದರು. "ಡಾಕ್ಟ್ರೇ, ನಮ್ಮ ಮೆಷಿನ್ ಬಗ್ಗೆ ನೀವೇನಂತೀರಾ?"

ಡಾಕ್ಟರ್ ತನ್ನ ಲೋಟವನ್ನು ನೋಡಿದ. ಕೆನೆ ಕಟ್ಟುವುದನ್ನು ಅಷ್ಟು ಹತ್ತಿರದಿಂದ ಅವನು ಹಿಂದೆಂದೂ ನೋಡಿರಲಿಲ್ಲ.

ಸಂಜೆ ಅವನು ಮನೆಗೆ ಬಂದಾಗ ಭಾವ ಮೆಟ್ಟಿಲ ಮೇಲೆ ಕೂತಿದ್ದ.

"ಮೆಷಿನ್ ಹೇಗಿದೆಯಯ್ಯಾ?"

ಡಾಕ್ಟರ್ ಒಮ್ಮೆ ಬೀದಿಯ ಕಡೆ ನೋಡಿದ. "ಚೆನ್ನಾಗಿದೆ ಭಾವ. ಬಹಳ ಚೆನ್ನಾಗಿದೆ."

"ಸ್ಕೂಟರು?"

"ಅಯ್ಯೋ, ಅದನ್ನ ಕೇಳ್ಬೇಡಿ! ದರಿದ್ರದ್ದು, ದಾರಿಯುದ್ದಕ್ಕೂ ಸೋರ್ತು. ಅದು ಹೇಗೆ ತಂದ್ರೋ ಇಂಥದ್ದನ್ನ!"

ಭಾವ ಮೆಟ್ಟಿಲಿಂದ ಎದ್ದ.

"ತಂದೋನ ಮುಂದೇನೇ ಹೇಳಿಬಿಟ್ಟೆಯಲ್ಲೋ. ಸೋರೋದು ಕಣ್ಣಿಗೆ ಕಾಣೋದು, ತಂದೋನು ಕೆಲಸ ಕಳ್ಕೊಂಡ ಮೇಲೇನೇ, ಅಲ್ವಾ?"

ಡಾಕ್ಟರನ ಕಣ್ಣು ಮಿಂಚಿತು. ಅವನು ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಎರಡು ಹೆಜ್ಜೆ ಮುಂದೆ ಬಂದ. ಹಿಂದೆ ಅದು ಧಡಾರನೆ ಬಿತ್ತು.

"ಆಹಾ, ಎಂಥಾ ಮಾತು ಭಾವ! ಇದನ್ನ ನಾನು ಉಪಯೋಗಿಸ್ಕೊಳ್ಳಲಾ? ನಿಮ್ಮ ಹೆಸರು ಹಾಕಲ್ಲ."